ಗ್ನೂಕ್ಯಾಶ್, ಮೂರು ವರ್ಷ ಬಳಸಿದ ಮೇಲೆ: ಸ್ಲಾಶ್ ತೆಗೆದ ಮೇಲೆ ಬುದ್ಧಿ ಬಂತು

ಗ್ನೂಕ್ಯಾಶ್ ಅಂದರೆ ಕಂಪ್ಯೂಟರಿನಲ್ಲಿ ಮನೆ ಲೆಕ್ಕ ಬರೆದಿಡುವ ತಂತ್ರಾಂಶ. ಮೊದಲ ಎರಡು ತಿಂಗಳು ಇದನ್ನು ಬೈದುಕೊಂಡೇ ಬಳಸಿದೆ. ಒಂದೆರಡು ಸಲ ಹೇಳಿಕೊಟ್ಟರೆ ಸಾಕು, ಯಾವ ಖರ್ಚು ಯಾವ ಬಾಬ್ತಿಗೆ ಅಂತ ತಾನೇ ಕಲಿಯುತ್ತದೆ ಅಂತ ಕೇಳಿ ಹಾಕಿಕೊಂಡಿದ್ದು. ಬ್ಯಾಂಕ್ ಸ್ಟೇಟ್‌ಮೆಂಟಿನ ಸಿಎಸ್‌ವಿ ಫೈಲ್ (ಸಾಲು ಸಾಲಾಗಿ ಬರೆದ ಪಟ್ಟಿ) ಇಳಿಸಿ ಕೊಟ್ಟೆ. ಇದು ದಿನಸಿ, ಇದು ಪೆಟ್ರೋಲ್, ಇದು ಮಗಳ ಶಾಲೆ ಅಂತ ಒಂದೊಂದು ಸಾಲಿಗೂ ಕೂತು ಹೇಳಿಕೊಟ್ಟೆ. ಮುಂದಿನ ತಿಂಗಳು ನೋಡಿದರೆ ಏನೂ ನೆನಪಿಲ್ಲ. ಅದೇ ಅಂಗಡಿ, ಅದೇ ಪೆಟ್ರೋಲ್ ಬಂಕ್, ಆದರೂ ಎಲ್ಲಾ ಸಾಲೂ ಬಾಬ್ತು ಗೊತ್ತಾಗದ್ದನ್ನೆಲ್ಲಾ ತುಂಬುವ ಇಂಬ್ಯಾಲೆನ್ಸ್-ಐಎನ್‌ಆರ್ ಅನ್ನೋ ಖಾತೆಗೇ ಹೋಗಲು ತಯಾರಾಗಿ ಕೂತಿದ್ದವು.

ಆದರೂ ಬಿಡದೇ ಇದ್ದಿದ್ದಕ್ಕೆ ಕಾರಣ ಇದೆ. ಅದಕ್ಕೂ ಮೊದಲು ಎಸ್‌ಎಂಎಸ್ ಓದಿ ಲೆಕ್ಕ ಹಾಕುವ ಒಂದು ಫೋನ್ ಆ್ಯಪ್ ಬಳಸುತ್ತಿದ್ದೆ, ಹೆಸರು ಬೇಡ. ಕ್ರೆಡಿಟ್ ಕಾರ್ಡಿನಲ್ಲಿ 4,000 ರೂಪಾಯಿ ದಿನಸಿ ತಂದರೆ ಒಂದು ಖರ್ಚು, ಆಮೇಲೆ ಕಾರ್ಡ್ ಬಿಲ್ ಕಟ್ಟಿದರೆ ಅದೇ 4,000 ಇನ್ನೊಂದು ಖರ್ಚು. ನನ್ನದೇ ಇನ್ನೊಂದು ಖಾತೆಗೆ ದುಡ್ಡು ಹಾಕಿದರೆ ಅದೂ ಖರ್ಚೇ. ಅದರ ಪ್ರಕಾರ ನಾವು ಪ್ರತಿ ತಿಂಗಳೂ ಸಂಬಳಕ್ಕಿಂತ ಜಾಸ್ತಿ ಉಡಾಯಿಸುವವರು! ಗ್ನೂಕ್ಯಾಶ್‌ನಲ್ಲಿ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯಬೇಕು, ದುಡ್ಡು ಎಲ್ಲಿಂದ ಹೋಯಿತು, ಎಲ್ಲಿಗೆ ಹೋಯಿತು ಅಂತ. ಕಾರ್ಡ್ ಅಂದರೆ ಸಾಲದ ಖಾತೆ, ಬಿಲ್ ಕಟ್ಟಿದರೆ ಸಾಲ ಇಳಿಯುತ್ತದೆ ಅಷ್ಟೆ, ಖರ್ಚು ಎರಡು ಸಲ ಬರುವುದಿಲ್ಲ.

ಮೂರನೇ ತಿಂಗಳು, ಇದು ಕಲಿಯುವುದಾದರೂ ಹೇಗೆ ಅಂತ ಕೂತು ಓದಿದೆ. ವಿವರಣೆಯ ಸಾಲನ್ನು ಇದು ಖಾಲಿ ಜಾಗ ಇರುವಲ್ಲಿ ಮುರಿದು ಪದ ಪದ ಮಾಡಿಕೊಳ್ಳುತ್ತದೆ. ಯಾವ ಪದ ಎಷ್ಟು ಸಲ ಯಾವ ಬಾಬ್ತಿಗೆ ಹೋಗಿದೆ ಅಂತ ಎಣಿಸಿಟ್ಟುಕೊಂಡು, ಮುಂದೆ ಅದೇ ಪದ ಬಂದಾಗ ಬೇಯ್ಸ್ ಸೂತ್ರ ಅನ್ನೋ ಸಂಭವನೀಯತೆಯ ಗಣಿತದ ಮೇಲೆ ಲೆಕ್ಕ ಹಾಕಿ, 90% ಖಾತ್ರಿ ಇದ್ದರೆ ಮಾತ್ರ ಬಾಬ್ತು ತುಂಬುತ್ತದೆ, ಇಲ್ಲದಿದ್ದರೆ ನಮಗೇ ಬಿಡುತ್ತದೆ. ಈಗ ನನ್ನ ಬ್ಯಾಂಕಿನ ಸಾಲು ನೋಡಿ. ಯುಪಿಐ, ಸ್ಲಾಶ್ (ಓರೆ ಗೆರೆ), ಡಿಆರ್ (ದುಡ್ಡು ಹೋಗಿದ್ದು ಅಂತ), ಸ್ಲಾಶ್, 12 ಅಂಕಿಯ ನಂಬರು, ಸ್ಲಾಶ್, ಹೆಸರು, ಎಲ್ಲಾ ರೈಲು ಡಬ್ಬಿ ಥರ ಅಂಟಿಕೊಂಡು. ನಡುವೆ ಒಂದು ಖಾಲಿ ಜಾಗ ಇಲ್ಲ. ಅಂದರೆ ಇಡೀ ಸಾಲೇ ಒಂದು ಪದ! ನಂಬರು ಪ್ರತಿ ಸಲ ಬೇರೆ, ಹಾಗಾಗಿ ಆ ಪದ ಜನ್ಮದಲ್ಲಿ ಇನ್ನೊಮ್ಮೆ ಬರಲ್ಲ. ಪಾಪ, ಅದು ಏನಂತ ಕಲಿಯಬೇಕು?

ಈಗ ಫೈಲನ್ನು ಮೊದಲು ಲಿಬ್ರೆಆಫೀಸ್‌ನಲ್ಲಿ (ಎಕ್ಸೆಲ್ ಥರದ್ದು) ತೆರೆದು, ಸ್ಲಾಶ್ ಇರುವಲ್ಲೆಲ್ಲಾ ಖಾಲಿ ಜಾಗ ಹಾಕಿ ಆಮೇಲೆ ಕೊಡುತ್ತೇನೆ. ವಿವರಣೆಯ ಕಾಲಂ ಮಾತ್ರ ಆರಿಸಿಕೊಳ್ಳಿ, ತಾರೀಕಿನ ಸ್ಲಾಶ್ ಹೋದರೆ ಇನ್ನೊಂದು ತಲೆನೋವು. ಇಷ್ಟು ಮಾಡಿದ ಮೇಲೆ ಒಂದೇ ತಿಂಗಳಲ್ಲಿ ಹಳದಿ ಸಾಲುಗಳು (ಬಾಬ್ತು ಗೊತ್ತಾಗದವು) ಹಸಿರಾಗತೊಡಗಿದವು.

ಇನ್ನೊಂದು ಮಜಾ ಇದೆ. ಇದು ವಾರದ ದಿನವನ್ನೂ ಒಂದು ಪದ ಅಂತ ಲೆಕ್ಕಕ್ಕೆ ತಗೊಳ್ಳುತ್ತದೆ. ನಮ್ಮ ಬೀದಿಯ ಆಟೋದವರಿಗೆ ಶುಕ್ರವಾರ ಕೊಡುವುದು ಮಗಳ ಶಾಲೆಯದು, ಭಾನುವಾರ ಕೊಡುವುದು ಮಾರ್ಕೆಟ್ಟಿಗೆ ಹೋಗಿಬಂದಿದ್ದು. ಹೆಸರು ಒಂದೇ ಆದರೂ ಎಷ್ಟೋ ಸಲ ಸರಿಯಾಗಿಯೇ ಹಾಕುತ್ತದೆ, ಗೊತ್ತಾಗದಿದ್ದರೆ ಸುಮ್ನೆ ಖಾಲಿ ಬಿಡುತ್ತದೆ.

ಆದರೆ ಬ್ಯಾಂಕಿನ ಸಾಲು ಹೇಳುವುದು ಯಾರಿಗೆ ಕೊಟ್ಟಿರಿ ಅಂತ, ಯಾಕೆ ಕೊಟ್ಟಿರಿ ಅಂತ ಅಲ್ಲ ಅಲ್ವಾ. ಕರೆಂಟು, ಗ್ಯಾಸು, ರೀಚಾರ್ಜು ಮೂರನ್ನೂ ಒಂದೇ ಆ್ಯಪಿನಲ್ಲಿ ಕಟ್ಟಿದರೆ ಮೂರಕ್ಕೂ ಒಂದೇ ಹೆಸರು ಬರುತ್ತದೆ. ತರಕಾರಿ ಅಮ್ಮನ ಕ್ಯೂಆರ್ ಕೋಡ್ ಮಗನ ಹೆಸರಲ್ಲಿದೆ, ಅದನ್ನು ಒಮ್ಮೆ ನಾವೇ ಹೇಳಿಕೊಡಬೇಕು. ತಪ್ಪು ಹೇಳಿಕೊಟ್ಟರೆ ತಪ್ಪನ್ನೇ ಕಲಿಯುತ್ತದೆ. ಭಾವನಿಗೆ ಕೊಟ್ಟ ಕೈಗಡವನ್ನು ಒಮ್ಮೆ ಆಸ್ಪತ್ರೆ ಖರ್ಚಿಗೆ ಹಾಕಿಬಿಟ್ಟೆ, ಆಮೇಲೆ ಹಬ್ಬದ ಖರ್ಚಿಗೆ ಅಂತ ಭಾವನಿಗೆ ಕಳಿಸಿದ್ದೂ ಆಸ್ಪತ್ರೆಗೇ ಹೋಯಿತು. ಇದು ಕಲಿತಿದ್ದನ್ನೆಲ್ಲಾ ತೋರಿಸುವ ಇಂಪೋರ್ಟ್ ಮ್ಯಾಪ್ ಎಡಿಟರ್ ಅಂತ ಒಂದಿದೆ, ಅಲ್ಲಿ ಹೋಗಿ ಆ ಹೆಸರು ಅಳಿಸಿದ ಮೇಲೆ ಸರಿಹೋಯಿತು.

ಐದಕ್ಕೆ ನಾಲ್ಕು ಸ್ಟಾರ್. ಪುಕ್ಕಟೆ, ಲೆಕ್ಕವೆಲ್ಲಾ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. ಒಂದು ಕಳೆದಿದ್ದು, ಫೋನಿನಲ್ಲಿ ಆಗಿಂದಾಗ ನೋಡಲು ಆಗಲ್ಲ ಅಂತ. ತಿಂಗಳ ಮೊದಲ ಭಾನುವಾರ ಕಾಫಿ ಹಿಡಿದು ಕೂರುತ್ತೇನೆ, ಲೋಟ ಖಾಲಿಯಾಗುವಷ್ಟರಲ್ಲಿ ಹಳದಿ ಸಾಲು ಏಳೆಂಟು ಉಳಿದಿರುತ್ತವೆ. ಅದರಲ್ಲಿ ಎರಡಾದರೂ ಯಾರಿಗೆ ಕೊಟ್ಟಿದ್ದು ಅಂತ ನನಗೂ ನೆನಪಿರಲ್ಲ, ಹೆಂಡತಿಯನ್ನು ಕರೆಯಬೇಕು.