ಜಿ ತಂತಿ ಇಲ್ಲದ ಬೇಸ್

ಬೇಸ್ ಗಿಟಾರಿನ ಲೋಕದಲ್ಲಿ ತಂತಿ ಏರಿಸಿಕೊಂಡು ಹೋಗುವುದೇ ದೊಡ್ಡಸ್ತಿಕೆ. ನಾಲ್ಕು ಸಾಲದೆಂದು ಐದು, ಐದು ಸಾಲದೆಂದು ಆರು. ಒಮ್ಮೆ ಒಬ್ಬರ ಆರು ತಂತಿಯ ಬೇಸ್ ಕೈಗೆ ತಗೊಂಡಿದ್ದೆ, ನೆಕ್ (ಎಡಗೈ ಹಿಡಿಯುವ ಉದ್ದ ಕತ್ತು) ಊಟದ ಮಣೆಯಷ್ಟು ಅಗಲ. ನನಗೆ ಬೇಕಾಗಿದ್ದದ್ದು ಅದರ ಉಲ್ಟಾ. ವಾದ್ಯ ತಯಾರಿಸುವ ಒಬ್ಬರಿಗೆ ಹೇಳಿ ಮೂರೇ ತಂತಿಯದನ್ನು ಮಾಡಿಸಿಕೊಂಡೆ. ಕಂಪನಿ ಮಾಲಲ್ಲ, ಹಾಗಾಗಿ ಮಾಡೆಲ್ ಹೆಸರು ಕೇಳಬೇಡಿ. ಇಂಥದ್ದೊಂದು ಮಾಡಿಸಿಕೊಂಡರೆ ಏನು ಸಿಗುತ್ತದೆ ಎಂದು ಮಾತ್ರ ಹೇಳುತ್ತೇನೆ.

ಮೊದಲು ಅಳತೆ. ಸ್ಕೇಲ್, ಅಂದರೆ ತಂತಿ ಮಿಡಿಯುವ ಉದ್ದ, 30 ಇಂಚು. ಮಾಮೂಲಿ ಬೇಸ್‌ಗಳದ್ದು 34. ನಟ್ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬಳಿ ನೆಕ್ಕಿನ ಅಗಲ 32 ಮಿ.ಮೀ. ಫೆಂಡರ್ ಜಾಝ್ ಬೇಸ್‌ನದ್ದು 38, ಅದನ್ನೇ ಜನ ಸಪೂರ ಅನ್ನುತ್ತಾರೆ. 20 ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಗೆರೆಗಳು), ಒಂದೇ ಪಿಕಪ್ (ತಂತಿಯ ಕಂಪನವನ್ನು ಆಂಪ್‌ಗೆ ಕಳಿಸುವ ಆಯಸ್ಕಾಂತದ ಸುರುಳಿ), ವಾಲ್ಯೂಮ್, ಟೋನ್, ಮುಗೀತು. ಶ್ರುತಿ ಕೆಳಗಿನಿಂದ ಪಾಶ್ಚಾತ್ಯ ಸ್ವರಗಳಾದ ಇ, ಎ, ಡಿ. ಅಂದರೆ ಕಿತ್ತುಹಾಕಿದ್ದು ಎಲ್ಲಕ್ಕಿಂತ ಸಣ್ಣ ತಂತಿ, ಜಿ.

‘ಕಾಲು ಭಾಗ ಬೇಸೇ ಹೋಯ್ತಲ್ಲಾ’ ಎಂದರು ನಮ್ಮ ಡ್ರಮ್ಮರ್. ಹೋಗಿಲ್ಲ. 20 ಫ್ರೆಟ್ಟಿನ ನಾಲ್ಕು ತಂತಿಯ ಬೇಸ್ ಕೊಡುವುದು ಮೂರು ಸ್ಥಾಯಿಗೆ ಒಂದು ಅರ್ಧಸ್ವರ ಕಡಿಮೆ. ಜಿ ತೆಗೆದರೆ ಅದರ ಮೇಲ್ತುದಿಯಿಂದ ಉದುರುವುದು ಬರೀ ಐದು ಅರ್ಧಸ್ವರ. ಬೇಸ್ ನುಡಿಸುವವರು ಆ ಐದಕ್ಕೆ ಎಷ್ಟು ಸಲ ಕೈ ಹಾಕುತ್ತಾರೆ? ಹಾಕುವವರೂ ಇದ್ದಾರೆ, ಅವರು ಸೋಲೊ ನುಡಿಸುವಾಗ ಹಾಡುಗಾರರು ನೀರು ಕುಡಿಯಲು ಹೋಗಿರುತ್ತಾರೆ.

ಅಸಲು ಬದಲಾವಣೆ ಎಡಗೈಯಲ್ಲಿ. ನಾಲ್ಕು ತಂತಿಯಲ್ಲಿ ಕೈ ಒಂದು ಜಾಗದಲ್ಲಿ ಬೇರೂರಿ, ಬೆರಳು ಮಾತ್ರ ತಂತಿಯಿಂದ ತಂತಿಗೆ ಹಾರುತ್ತವೆ. ಇ ತಂತಿಯ ಮೂರನೇ ಫ್ರೆಟ್ಟನ್ನು ಷಡ್ಜ ಅಂದುಕೊಳ್ಳಿ. ಮೇಲಿನ ಷಡ್ಜ ಡಿ ತಂತಿಯ ಐದನೇ ಫ್ರೆಟ್ಟಲ್ಲಿ ಸಿಗುತ್ತದೆ, ಇಲ್ಲಿಯವರೆಗೆ ಎರಡೂ ವಾದ್ಯ ಒಂದೇ. ಅದರ ಮುಂದಿನ ಅಂತರ ಗಾಂಧಾರ ನಾಲ್ಕು ತಂತಿಯಲ್ಲಿ ಜಿ ಮೇಲೆ, ಕೈಯಳತೆಯಲ್ಲೇ ಕೂತಿರುತ್ತದೆ. ನನ್ನದರಲ್ಲಿ ಅದು ಡಿ ತಂತಿಯ ಒಂಬತ್ತನೇ ಫ್ರೆಟ್ಟು. ಐದರಿಂದ ಒಂಬತ್ತಕ್ಕೆ ಜಾರಿಕೊಂಡೇ ಹೋಗಬೇಕು. ಆ ಜಾರು ಕೇಳಿಸುತ್ತದೆ, ಮತ್ತು ನಾನು ಈ ವಾದ್ಯಕ್ಕೆ ಮನಸೋತದ್ದೇ ಅದಕ್ಕೆ. ತಂತಿ ದಾಟಿದ್ದರೆ ಎರಡು ಬೇರೆ ಸ್ವರಗಳಾಗುತ್ತಿದ್ದವು. ಇಲ್ಲಿ ಒಂದೇ ದನಿ ಮೇಲೇರುತ್ತದೆ. ಜೊತೆಗೆ ದಪ್ಪ ತಂತಿಯ ಮೇಲಿನ ಮೇಲ್‌ಸ್ವರಕ್ಕೆ ಒಂದು ಕಪ್ಪು, ದುಂಡು ಗುಣ ಇರುತ್ತದೆ. ಅದೇ ಸ್ವರ ಜಿ ತಂತಿಯ ಮೇಲೆ ಸ್ವಲ್ಪ ತೆಳ್ಳಗೆ, ಮೂಗಿನಿಂದ ಬಂದಂತೆ.

ಎರಡನೆಯ ಲಾಭ ಮೌನ. ಮಾಮೂಲಿ ಬೇಸ್‌ನಲ್ಲಿ ಎ ತಂತಿಯ ಐದನೇ ಫ್ರೆಟ್ ಮೀಟಿದರೆ ಮುಟ್ಟದೇ ಬಿಟ್ಟ ಡಿ ತಂತಿ ತಾನೂ ಹಾಡಲು ಶುರುಮಾಡುತ್ತದೆ. ಎರಡರ ಶ್ರುತಿ ಒಂದೇ ಆದ್ದರಿಂದ. ಡಿ ತಂತಿಯ ಐದನೇ ಫ್ರೆಟ್ ಮೀಟಿದರೆ ಜಿ ಕೂಡ ಹಾಗೆಯೇ. ಬೇಡದ ತಂತಿಗಳನ್ನು ಅದುಮಿ ಹಿಡಿಯುವುದರಲ್ಲೇ ಬಲಗೈಯ ಅರ್ಧ ಬುದ್ಧಿ ಖರ್ಚು. ಒಂದು ತಂತಿ ಕಡಿಮೆ ಆದರೆ ಕಾಯುವ ಕೆಲಸವೂ ಅಷ್ಟು ಕಡಿಮೆ. ಆಂಪ್ ಜೋರು ಮಾಡಿದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಮಾಡಿಸುವವರು ಪಿಕಪ್ ವಿಚಾರದಲ್ಲಿ ಹಟ ಹಿಡಿಯಬೇಕು. ನಾನು ಇದಕ್ಕೂ ಮೊದಲು ನುಡಿಸಿ ನೋಡಿದ ಇನ್ನೊಂದು ಮೂರು ತಂತಿಯ ಬೇಸ್‌ನಲ್ಲಿ ಪ್ರಿಸಿಷನ್ ಬೇಸ್ ಮಾದರಿಯ, ಎರಡು ತುಂಡಾಗಿ ಒಡೆದ ಪಿಕಪ್ ಇತ್ತು. ಅದು ಒಂದೊಂದು ತುಂಡು ಎರಡೆರಡು ತಂತಿ ನೋಡಿಕೊಳ್ಳಲೆಂದು ಹುಟ್ಟಿದ್ದು. ಮೂರು ತಂತಿಯನ್ನು ಸಮ ಅಂತರದಲ್ಲಿ ಎಳೆದರೆ ನಡುವಿನದು ಎರಡು ತುಂಡುಗಳ ಸಂದಿಗೆ ಬೀಳುತ್ತದೆ. ಎ ತಂತಿ ಪಾಪ, ಪಕ್ಕದ ಕೋಣೆಯಿಂದ ನುಡಿದಂತಿತ್ತು. ನನ್ನದಕ್ಕೆ ಬಿಡಿ ಬಿಡಿ ಆಯಸ್ಕಾಂತಗಳ ಬದಲು ಉದ್ದಕ್ಕೂ ಒಂದೇ ಕಬ್ಬಿಣದ ಪಟ್ಟಿ ಇರುವ ಪಿಕಪ್ ಹಾಕಿಸಿದೆ. ಮೂರೂ ತಂತಿ ಸಮ.

ದೂರುಗಳಿವೆ. ಬ್ರಿಜ್ (ತಂತಿಯ ಇನ್ನೊಂದು ತುದಿ ಕೂರುವ ಜಾಗ) ಹತ್ತಿರ ತಂತಿಗಳ ಅಂತರ 19 ಮಿ.ಮೀ. ಕೇಳಿದ್ದೆ, ಬಂದದ್ದು ಅದಕ್ಕಿಂತ ಇಕ್ಕಟ್ಟು. ಜೊತೆಗೆ ಬಂದ ತಂತಿಗಳು 30 ಇಂಚಿಗೆ ತೀರ ಸಡಿಲ. ಇ ತಂತಿ ಜೋರಾಗಿ ಮೀಟಿದರೆ ಫ್ರೆಟ್ಟಿಗೆ ಬಡಿದು ಟಪ್ ಅನ್ನುತ್ತಿತ್ತು. ದಪ್ಪದ್ದು ಹಾಕಿದ ಮೇಲೆ ಸರಿಹೋಯಿತು. ತಂತಿಗೆ ಹೆಬ್ಬೆರಳಿಂದ ಬಡಿದು ಸ್ಲ್ಯಾಪ್ ನುಡಿಸುವವರಂತೂ ಇದರ ಹತ್ತಿರ ಬರಲೇಬೇಡಿ, ತೋರುಬೆರಳಿಗೆ ಎಳೆದು ಬಿಡಲು ಬೇಕಾದ ಆ ಚುರುಕು ತಂತಿಯೇ ಇಲ್ಲ. ಇನ್ನು ಅಂಗಡಿಯಲ್ಲಿ ತಂತಿ ಸಿಗುವುದು ನಾಲ್ಕರ ಕಟ್ಟಿನಲ್ಲಿ. ನನ್ನ ಡ್ರಾಯರಿನಲ್ಲಿ ಈಗ ಹೊಚ್ಚ ಹೊಸ ಜಿ ತಂತಿಗಳ ಸಂಸಾರ.

ಇದು ಹುಚ್ಚಾಟ ಎನ್ನುವವರಿಗೆ: 19ನೇ ಶತಮಾನದ ದೊಡ್ಡ ಡಬಲ್ ಬೇಸ್ (ನಿಂತು ನುಡಿಸುವ ದೈತ್ಯ ಪಿಟೀಲಿನಂಥ ವಾದ್ಯ) ವಾದಕ ಜಿಯೊವಾನ್ನಿ ಬೊಟ್ಟೆಸಿನಿ ನುಡಿಸಿದ್ದು ಮೂರು ತಂತಿಯದನ್ನೇ. ರಷ್ಯಾದ ತ್ರಿಕೋನ ಮೈಯ ದೊಡ್ಡ ತಂತಿವಾದ್ಯ ಕಾಂಟ್ರಾಬೇಸ್ ಬಾಲಲೈಕಾಕ್ಕೂ ಮೂರೇ, ಅದೂ ಇದೇ ಇ, ಎ, ಡಿ. ಹತ್ತು ಹನ್ನೆರಡು ತಂತಿಯ ಚಾಪ್ಮನ್ ಸ್ಟಿಕ್ ಎಂಬ ವಾದ್ಯಕ್ಕೆ ಹೆಸರಾದ ಟೋನಿ ಲೆವಿನ್ ಕೂಡ ಮ್ಯೂಸಿಕ್ ಮ್ಯಾನ್‌ನ ಮೂರು ತಂತಿಯ ಬೇಸ್ ನುಡಿಸಿದ್ದಾರೆ. ಇನ್ನೂ ಕೆಳಗಿಳಿದವರು ಅಮೆರಿಕದ ಮಾರ್ಫೀನ್ ಎಂಬ ರಾಕ್ ತಂಡದ ಮಾರ್ಕ್ ಸ್ಯಾಂಡ್‌ಮನ್. ಎರಡೇ ತಂತಿ, ಮೇಲೆ ಸ್ಲೈಡ್ (ತಂತಿಯ ಮೇಲೆ ಜಾರಿಸುವ ಕೊಳವೆ). ಪಕ್ಕದಲ್ಲಿ ಬ್ಯಾರಿಟೋನ್ ಸ್ಯಾಕ್ಸೊಫೋನ್, ಹಿಂದೆ ಡ್ರಮ್ಸ್. 1999ರಲ್ಲಿ ಇಟಲಿಯ ವೇದಿಕೆಯೊಂದರ ಮೇಲೆ ನುಡಿಸುತ್ತಲೇ ಕುಸಿದು ತೀರಿಕೊಂಡರು. ಅವರ ಒಡನಾಟದಲ್ಲಿದ್ದ ಕ್ರಿಸ್ ಬಾಲ್ಯೂ, ಸ್ಯಾಂಡ್‌ಮನ್ ಬದುಕಿದ್ದಾಗಲೇ, ಸಾಮಾನ್ಯ ಗಿಟಾರಿಗೇ ಎರಡು ದಪ್ಪ ತಂತಿ ಹಾಕಿ ‘ಬೇಸಿಟಾರ್’ ಎಂದು ಕರೆದು ಇಡೀ ತಂಡ ನಡೆಸಿದರು.

ಎರಡು ತಂತಿಯ ರುಚಿಯನ್ನೂ ನೋಡೋಣವೆಂದು ಡಿ ತಂತಿ ಬಿಚ್ಚಿ, ಇ ತಂತಿಯನ್ನು ಒಂದು ಸ್ವರ ಇಳಿಸಿದೆ. ಆಗ ಎರಡೂ ಸೇರಿ ಷಡ್ಜ-ಪಂಚಮ. ಒಂದೇ ಬೆರಳು ಅಡ್ಡ ಇಟ್ಟರೆ ಎರಡೂ ಒಟ್ಟಿಗೆ ನುಡಿಯುತ್ತವೆ. ಕೆಳಗಿನ ಫ್ರೆಟ್ಟುಗಳಲ್ಲಿ ಅದು ಬರೀ ಗೊಡಗೊಡ, ಹನ್ನೆರಡರ ಮೇಲೆ ಭರ್ಜರಿ. ಒಂದೆರಡು ಹಾಡಿಗೆ ಸೊಗಸು, ಇಡೀ ಸಂಜೆಗೆ ಸಾಲದು. ಇನ್ನೊಂದು ಮಾತು, ತಂತಿ ತೆಗೆದರೆ ನೆಕ್ ಮೇಲಿನ ಎಳೆತ ಇಳಿಯುತ್ತದೆ. ನಾಲ್ಕೂ ಸೇರಿ ಸುಮಾರು 70–80 ಕೆ.ಜಿ. ಎಳೆಯುತ್ತಿರುತ್ತವೆ. ಮನೆಯಲ್ಲಿರುವ ಹಳೆ ಬೇಸ್‌ನಲ್ಲಿ ಇದನ್ನೆಲ್ಲ ಪ್ರಯೋಗ ಮಾಡುವವರು ಟ್ರಸ್ ರಾಡ್ (ನೆಕ್ಕಿನ ಬಾಗು ಸರಿಮಾಡುವ ಒಳಗಿನ ಸರಳು) ಸ್ವಲ್ಪ ಸಡಿಲಿಸಬೇಕಾಗುತ್ತದೆ, ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿ ತಂತಿ ಫ್ರೆಟ್ಟಿಗೆ ತಾಗಿ ಕಿರಿಕಿರಿ.

ಹಾಡುಗಾರರ ಹಿಂದೆ ನಿಂತು ನುಡಿಸುವವರಿಗೆ ಮೂರು ಸಾಕು, ನಾನು ಮತ್ತೆ ನಾಲ್ಕಕ್ಕೆ ಹೋಗುವುದಿಲ್ಲ. ಸ್ವರಲಿಪಿ ಮುಂದಿಟ್ಟುಕೊಂಡು ಬೇರೆಯವರು ಬರೆದದ್ದನ್ನು ಬರೆದಂತೆಯೇ ನುಡಿಸಬೇಕಾದವರು ಮಾತ್ರ ಜಿ ಉಳಿಸಿಕೊಳ್ಳಿ. ಬೇಕಿದ್ದರೆ ನನ್ನ ಡ್ರಾಯರಿನಿಂದ ಕೊಡುತ್ತೇನೆ.