ಕೊಡಗಿನಲ್ಲಿ 'ಮರದ ಕ್ಯಾಬಿನ್ + ಫ್ಯಾಮಿಲಿ ಟೆಂಟ್' ಅಂತ ದುಡ್ಡು ಹಾಕುವ ಮುಂಚೆ ದಯವಿಟ್ಟು ಓದಿ

ಸಿದ್ದಾಪುರ, ಅಮ್ಮತ್ತಿ ಕಡೆ 'ಕಾವೇರಿ ದಡದಲ್ಲಿ ಮರದ ಕ್ಯಾಬಿನ್, ಫ್ಯಾಮಿಲಿ ಟೆಂಟ್, ಕ್ಯಾಂಪ್ ಫೈರ್, ಊಟ ಎಲ್ಲ ಸೇರಿ' ಅಂತ ಇನ್‌ಸ್ಟಾಗ್ರಾಂನಲ್ಲಿ ಓಡಾಡುತ್ತಿರುವ ಜಾಹೀರಾತು ನೋಡಿ ಬೇಸಿಗೆ ರಜೆಗೆ ಬುಕ್ ಮಾಡಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಜಾಗದ ಹೆಸರು ಹೇಳಿ ಉಪಯೋಗವಿಲ್ಲ. ನಾವು ವಾಪಸ್ ಬರುವಷ್ಟರಲ್ಲಿ ಅದೇ ಫೋಟೋಗಳು ಇನ್ನೊಂದು ಹೆಸರಿನ ಪೇಜಿನಲ್ಲಿದ್ದವು. ಹಾಗಾಗಿ ಇವರು ದುಡ್ಡು ಕೀಳುವ ರೀತಿ ಹೇಳ್ತೀನಿ, ಅದರಿಂದಲೇ ಗುರುತು ಹಿಡಿಯಿರಿ.

ಎರಡು ಸಂಸಾರ, ಮಕ್ಕಳು ಸೇರಿ ಒಂದು ರಾತ್ರಿಗೆ 14,000 ರೂಪಾಯಿ, ಅರ್ಧ ಅಡ್ವಾನ್ಸ್. ಅದರಲ್ಲೇನೂ ತಪ್ಪಿಲ್ಲ, ಎಲ್ಲ ಕಡೆ ಇರುವುದೇ. ಬಾಕಿ ಹಣವನ್ನು ಹೋಗಿ ರೂಮ್ ನೋಡಿ, ಕಾಫಿ ಕುಡಿದು ಕೊಡೋದು ರೂಢಿ. ಇವರು ಲೊಕೇಶನ್ನೇ ಕಳಿಸಲಿಲ್ಲ. 'ಸಿದ್ದಾಪುರ ಪೇಟೆಗೆ ಬಂದು ಕಾಲ್ ಮಾಡಿ ಮೇಡಂ, ನಿಮ್ಮ ಕಾರ್ ಒಳಗೆ ಬರಲ್ಲ, ಜೀಪ್ ಕಳಿಸ್ತೀವಿ.' ಜೀಪ್ ಬಂತು. ಬ್ಯಾಗೆಲ್ಲ ಏರಿಸಿ, ಮಕ್ಕಳು ಹತ್ತಿ ಕೂತ ಮೇಲೆ ಡ್ರೈವರ್ ತನ್ನ ಫೋನ್ ನನ್ನ ಕೈಗೆ ಕೊಟ್ಟ. ಆ ಕಡೆ ಮ್ಯಾನೇಜರ್: 'ಒಳಗೆ ನೆಟ್‌ವರ್ಕ್ ಇರಲ್ಲ ಮೇಡಂ, ಬ್ಯಾಲೆನ್ಸ್ ಇಲ್ಲೇ ಹಾಕಿಬಿಡಿ. ಜೀಪಿಂದು 1,200 ಬೇರೆ.' ಜೀಪಿನ ಮಾತೇ ಅಲ್ಲಿಯವರೆಗೆ ಬಂದಿರಲಿಲ್ಲ! ಅಡ್ವಾನ್ಸ್ ಹೋಗಿದ್ದು ಒಂದು ಹೆಸರಿನ ಖಾತೆಗೆ, ಇದು ಬೇರೆಯವರ ಖಾತೆ. ಕೇಳಿದರೆ 'ನಮ್ಮ ಪಾರ್ಟ್‌ನರ್ ಮೇಡಂ'. ಪೂರ್ತಿ ಆಟ ಇರೋದು ಇಲ್ಲೇ. ಜಾಗ ನೋಡುವ ಮುಂಚೆ ಪೂರ್ತಿ ಹಣ ಅವರ ಕೈಗೆ. ಆಮೇಲೆ ನೀವು ಏನು ಕೂಗಾಡಿದರೂ ಅಷ್ಟೇ.

ಒಳಗೆ ಹೋದರೆ ಕ್ಯಾಬಿನ್ ಎಲ್ಲಿ? ತೋಟದ ಹಳೇ ಲೈನ್ ಮನೆ! ಹೊರಗೋಡೆಗೆ ಮರದ ಚಿತ್ರ ಅಚ್ಚು ಹಾಕಿದ ಶೀಟ್ ಅಂಟಿಸಿದ್ದಾರೆ. ಬಾಗಿಲ ಪಕ್ಕದ ಮೂಲೆಯಲ್ಲಿ ಶೀಟ್ ಎದ್ದು ಬಂದಿತ್ತು, ಒಳಗೆ ಸುಣ್ಣ ಬಳಿದ ಗೋಡೆ, ಅದರ ಮೇಲೆ ಮಕ್ಕಳ್ಯಾರೋ ಇದ್ದಿಲಲ್ಲಿ ಬರೆದ ಮಗ್ಗಿ. ಲೈನ್ ಮನೆಯಲ್ಲಿ ಮಲಗೋದು ಅವಮಾನ ಅಂತ ಹೇಳ್ತಿಲ್ಲ, ತೋಟದ ಕೆಲಸದವರು ಬಾಳಿದ ಮನೆ ಅದು. ಲೈನ್ ಮನೆ ಅಂತಲೇ ಹೇಳಿ, ಅದಕ್ಕೆ ತಕ್ಕ ಬಾಡಿಗೆ ತಗೊಳ್ಳಿ. ಮೊಬೈಲಲ್ಲಿ ಅವರದೇ ಫೋಟೋ ತೋರಿಸಿದೆ. 'ಅದು ರೆಫರೆನ್ಸ್ ಫೋಟೋ ಮೇಡಂ.' ನದಿ ಎಲ್ಲಿ ಅಂದರೆ 'ಹತ್ತು ನಿಮಿಷ ನಡೆದರೆ ಸಿಗುತ್ತೆ ಮೇಡಂ'. ದುಡ್ಡು ವಾಪಸ್ ಕೊಡಿ, ಹೊರಡ್ತೀವಿ ಅಂದರೆ 'ಜೀಪ್ ಹೋಯ್ತಲ್ಲಾ ಮೇಡಂ'. ಕತ್ತಲಾಗುತ್ತಿತ್ತು. ಆ ಕ್ಷಣದ ಸಂಕಟ ಯಾರಿಗೂ ಬೇಡ.

ಇದುವರೆಗೆ ಹೇಳಿದ್ದು ಬರೀ ದುಡ್ಡಿನ ಮಾತು. ಇನ್ನು ಜೀವಕ್ಕೆ ಕುತ್ತು ತರುವ ಮಾತು. ಬಚ್ಚಲಲ್ಲಿ ಗ್ಯಾಸ್ ಗೀಸರ್. ಸಿಲಿಂಡರೂ ಒಳಗೇ. ಇದ್ದ ಒಂದೇ ವೆಂಟಿಲೇಟರ್‌ಗೆ ಪ್ಲೈವುಡ್ ಹೊಡೆದಿದ್ದಾರೆ. ಯಾಕೆ ಅಂದರೆ 'ತೆಗೆದರೆ ಉಂಬಳ, ಹುಳ ಒಳಗೆ ಬರುತ್ತೆ ಮೇಡಂ, ಗೆಸ್ಟ್ ಕಂಪ್ಲೇಂಟ್ ಮಾಡ್ತಾರೆ'. ಗಾಳಿ ಆಡದ ಬಚ್ಚಲಲ್ಲಿ ಗೀಸರ್ ಉರಿಯುತ್ತಾ ಇದ್ದರೆ ಒಳಗಿನ ಆಮ್ಲಜನಕ ಕಡಿಮೆಯಾಗಿ, ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತೆ. ಅದಕ್ಕೆ ವಾಸನೆ ಇಲ್ಲ. ತಲೆನೋವು, ವಾಕರಿಕೆ ಬರುತ್ತೆ, ಕಾಲಲ್ಲಿ ಶಕ್ತಿ ಹೋಗುತ್ತೆ. ಚಿಲಕ ತೆಗೆಯಲೂ ಆಗದೆ ಒಳಗೇ ಬಿದ್ದು ಸತ್ತವರಿದ್ದಾರೆ, ಇದು ಸುದ್ದಿಯಲ್ಲಿ ಎಷ್ಟು ಸಲ ಬಂದಿಲ್ಲ? ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗಿರಬೇಕು, ನೀರಿನ ಪೈಪ್ ಮಾತ್ರ ಒಳಗೆ ಬರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಮಕ್ಕಳನ್ನು ಮಾತ್ರ ಒಬ್ಬರನ್ನೇ ಬಿಡಬೇಡಿ.

ಸಂಜೆ ಮಳೆ ಬಂತು. ಮೇ ತಿಂಗಳ ಕೊಡಗಿನಲ್ಲಿ ಗುಡುಗು ಮಳೆ ಬರದಿದ್ದರೇ ಆಶ್ಚರ್ಯ. ಕ್ಯಾಂಪ್ ಫೈರ್ ಹೋಯ್ತು. ಅದಕ್ಕೆ ಅವರ ಪರಿಹಾರ ಏನು ಗೊತ್ತಾ? ಕಬ್ಬಿಣದ ಬಾಂಡಲಿಯಲ್ಲಿ ಕೆಂಡ ತುಂಬಿ ತಂದು 'ಟೆಂಟ್ ಒಳಗೆ ಇಟ್ಕೊಳ್ಳಿ, ಬೆಚ್ಚಗಿರುತ್ತೆ'! ಅದೇ ವಿಷಗಾಳಿ, ಟೆಂಟ್‌ನಲ್ಲಿ ಇನ್ನೂ ಬೇಗ. ಹೊಗೆ ಬರದ ಕೆಂಡ ಸೇಫ್ ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲ. ಮುಚ್ಚಿದ ರೂಮಿಗಾಗಲಿ, ಟೆಂಟ್‌ಗಾಗಲಿ ಕೆಂಡ ತರಲೇಬಾರದು.

ಟೆಂಟ್ ಹಾಕಿದ್ದು ಕಾಫಿ ಒಣಗಿಸುವ ಕಣದ ಮೇಲೆ. ಕೊಯ್ಲು ಮುಗಿದು ಕಣ ಖಾಲಿ ಬಿದ್ದಿರುತ್ತಲ್ಲ, ಅದನ್ನೇ ಕ್ಯಾಂಪ್ ಸೈಟ್ ಮಾಡಿದ್ದಾರೆ. ಸಿಮೆಂಟಿಗೆ ಗೂಟ ಇಳಿಯಲ್ಲ, ಹಗ್ಗಗಳನ್ನು ಸೈಜುಗಲ್ಲಿಗೆ ಕಟ್ಟಿದ್ದರು. ಗಾಳಿ ಬೀಸಿದಾಗ ಕಲ್ಲು ಜರುಗಿ ಮೇಲಿನ ಹೊದಿಕೆ ಒಳಗಿನ ಬಟ್ಟೆಗೆ ಅಂಟಿಕೊಂಡಿತು. ಎರಡರ ನಡುವೆ ಗಾಳಿ ಆಡದಿದ್ದರೆ ಎಷ್ಟು ಒಳ್ಳೆ ಟೆಂಟೂ ಒಳಗೆ ತೊಟ್ಟಿಕ್ಕುತ್ತೆ. ಇನ್ನು ಕಣಕ್ಕೆ ನೀರು ಹರಿಯಲಿ ಅಂತ ವಾಟ ಕೊಟ್ಟಿರುತ್ತಾರೆ, ಆ ನೀರು ನೇರ ಟೆಂಟ್ ಅಡಿಗೆ. ಕೆಳಗೆ ಹಾಸಿದ ಟಾರ್ಪಾಲು ಟೆಂಟ್‌ಗಿಂತ ಒಂದಡಿ ಹೊರಗೆ ಚಾಚಿತ್ತು, ಸುರಿದದ್ದನ್ನೆಲ್ಲ ಹಿಡಿದು ಒಳಗೆ ಎಳೆಯಿತು. ಟಾರ್ಪಾಲು ಯಾವಾಗಲೂ ಟೆಂಟ್‌ನ ಅಂಚಿಗಿಂತ ಒಳಗೇ ಮಡಚಿರಬೇಕು, ಇದು ಟೆಂಟ್ ಹಾಕುವವರಿಗೆ ಮೊದಲ ಪಾಠ. 'ಆರು ಜನರ ಟೆಂಟ್' ಅಂದದ್ದರ ಅಗಲ ಎಂಟು ಅಡಿ. ಒಬ್ಬರಿಗೆ ಎರಡಡಿ ಅಂದರೂ ನಾಲ್ಕೇ ಜನ, ಬ್ಯಾಗ್ ಎಲ್ಲಿಡೋದು? ಹೊಲಿಗೆಯಿಂದ ನೀರು ಇಳಿಯದಂತೆ ಅಂಟಿಸುವ ಟೇಪೂ ಇರಲಿಲ್ಲ. ರಾತ್ರಿ ಎಲ್ಲರೂ ಲೈನ್ ಮನೆಯ ಒಂದೇ ಕೋಣೆಯಲ್ಲಿ, ಕಿಟಕಿ ತೆಗೆದಿಟ್ಟು. ಮ್ಯಾನೇಜರ್ ಉತ್ತರ: 'ಇದು ಕಾಡು ಮೇಡಂ, ಹೋಟೆಲ್ ಅಲ್ಲ.'

ಕಾಡು ಅಂತ ಗೊತ್ತಿದ್ದವರು ಹಲಸಿನ ಮರದ ಪಕ್ಕ ಟೆಂಟ್ ಹಾಕ್ತಾರಾ? ದಕ್ಷಿಣ ಕೊಡಗಿನ ತೋಟಗಳಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ ಆನೆ ಬರುವುದು ಅಲ್ಲಿನ ಮಕ್ಕಳಿಗೂ ಗೊತ್ತು. ಕಣದ ಅಂಚಿನ ಮರದಡಿ ಲದ್ದಿ ಇತ್ತು, ಇನ್ನೂ ಹಸಿ, ಅದರಲ್ಲಿ ಹಲಸಿನ ಬೀಜ. ಅಡುಗೆ ಮಾಡುವ ಅಕ್ಕ ಮೆಲ್ಲಗೆ ಹೇಳಿದರು: 'ರಾತ್ರಿ ಮಕ್ಕಳನ್ನ ಹೊರಗೆ ಬಿಡಬೇಡಿ ಅಕ್ಕ, ನಿನ್ನೆಯೂ ಬಂದಿತ್ತು.' ಅವರು ಹೇಳಿದ್ದಕ್ಕೆ ಗೊತ್ತಾಯ್ತು. ಮ್ಯಾನೇಜರನ್ನ ಕೇಳಿದರೆ 'ಆನೆ ನೋಡೋಕೆ ಜನ ದುಡ್ಡು ಕೊಟ್ಟು ಬರ್ತಾರೆ ಮೇಡಂ'!

ಇದೇ ಜನ ಜೂನ್, ಜುಲೈಗೂ 'ನದಿ ದಡದ ಟೆಂಟ್' ಬುಕಿಂಗ್ ತಗೊಳ್ತಿದ್ದಾರೆ. 2019ರ ಆಗಸ್ಟ್‌ನಲ್ಲಿ ಇದೇ ಸಿದ್ದಾಪುರದ ಸುತ್ತ, ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಕಾವೇರಿ ಉಕ್ಕಿ ಮನೆಗಳೇ ಹೋದವು. ಮಳೆಗಾಲದಲ್ಲಿ ದಡದಲ್ಲಿ ಟೆಂಟ್ ಬೇಡ, ಬೇಡವೇ ಬೇಡ.

ದುಡ್ಡು ಹಾಕುವ ಮುಂಚೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಕೇಳಿ (ನಮಗೆ ಬಂದ ಉತ್ತರ 'ಪ್ರೊಸೆಸ್‌ನಲ್ಲಿದೆ'). ಲೊಕೇಶನ್ ಪಿನ್ ಮತ್ತು ಬಚ್ಚಲಿನ ವಿಡಿಯೋ ಕೇಳಿ, ಜೀಪ್ ಚಾರ್ಜ್ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ, ಬಾಕಿ ಹಣ ಜಾಗ ನೋಡಿದ ಮೇಲೇ. ಮೋಸ ಆದರೆ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವಿರುವ ಊರಿನಲ್ಲೇ ದೂರು ಕೊಡಬಹುದು, ನೀವು ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಜಾಗವೇ ಇಲ್ಲದೆ ದುಡ್ಡು ನುಂಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾನು ದೂರು ಕೊಟ್ಟಿದ್ದೀನಿ. ಅದಾದ ಮೇಲೆ ಮೆಸೇಜ್ ಬಂತು: 'ರಿವ್ಯೂ ಡಿಲೀಟ್ ಮಾಡಿ ಮೇಡಂ, 2,000 ವಾಪಸ್ ಹಾಕ್ತೀವಿ.' ಮಾಡಲ್ಲ. ವೆಂಟಿಲೇಟರ್‌ಗೆ ಹೊಡೆದ ಪ್ಲೈವುಡ್ ಕಿತ್ತು ಅದರ ಫೋಟೋ ಕಳಿಸಿ ಅಂತ ಕೇಳಿದ್ದೀನಿ. ನೋಡಿದ್ದಾರೆ, ಉತ್ತರ ಕೊಟ್ಟಿಲ್ಲ.