ಪಾರ್ಕಿಗೂ ಮೆಂಬರ್‌ಶಿಪ್ ಅಂದರೆ ದುಡ್ಡು ಕೊಡಬೇಡಿ

ದಾವಣಗೆರೆಯಲ್ಲಿ ಬೆಳಗಿನ ಫಿಟ್‌ನೆಸ್ ಗುಂಪು ಸೇರಬೇಕು ಅಂತಿದ್ದರೆ ಇದನ್ನೊಮ್ಮೆ ಓದಿ. ನನ್ನ 1,500 ರೂಪಾಯಿ ಹೋಯಿತು. ಅದು ಹೋಗಲಿ, ಮರ್ಯಾದೆಯೂ ಹೋಯಿತು.

ಶುಗರ್ ಬಂದ ಮೇಲೆ ಕುಂದವಾಡ ಕೆರೆ ಏರಿ ಮೇಲೆ ಒಬ್ಬನೇ ನಡೆಯುತ್ತಿದ್ದೆ. ಮನೆ ಹತ್ತಿರದ ಪಾರ್ಕಿನಲ್ಲೇ ಒಂದು ಗುಂಪಿದೆ ಎಂದು ಪರಿಚಯದವರು ವಾಟ್ಸಾಪಿಗೆ ಸೇರಿಸಿದರು. ವರ್ಷದ ಫೀಸಿನಲ್ಲಿ ಟೀ ಶರ್ಟು, ಯೋಗ, ತಿಂಗಳಿಗೊಂದು ಬೆಟ್ಟ. "ಐದೂವರೆಯಿಂದ ಎಂಟರವರೆಗೆ ಪಾರ್ಕು ನಮ್ಮದೇ ಸಾರ್, ಪರ್ಮಿಶನ್ ಇದೆ" ಎಂದರು. ಫೋನ್‌ಪೇ ಮಾಡಿದೆ. ದುಡ್ಡು ಹೋಗಿದ್ದು ಸಂಘದ ಖಾತೆಗಲ್ಲ, ಒಬ್ಬರ ಸ್ವಂತ ನಂಬರಿಗೆ. ರಸೀದಿ ಇಲ್ಲ. ನಾನೂ ಕೇಳಲಿಲ್ಲ.

ಎರಡು ವಾರ ಚೆನ್ನಾಗಿಯೇ ಇತ್ತು. (ವ್ಯಾಯಾಮ ಮುಗಿಸಿ ಎಲ್ಲರೂ ಬೆಣ್ಣೆ ದೋಸೆಗೆ ಹೋಗುತ್ತಿದ್ದರು, ಆ ಮಾತು ಬೇಡ ಬಿಡಿ.) ಮೂರನೇ ವಾರ ಗೇಟು ಕಾಯುವ ಸರದಿ ನನಗೆ ಬಂತು. ಹುಲ್ಲಿನ ಜಾಗಕ್ಕೆ ಹಗ್ಗ ಕಟ್ಟಿ, ಕೈಗೊಂದು ಸೀಟಿ ಕೊಟ್ಟರು. ಟೆನಿಸ್ ಬಾಲ್ ಹಿಡಿದು ಬಂದ ಹುಡುಗರಿಗೆ ಎಂಟರ ಮೇಲೆ ಬನ್ನಿ ಎಂದೆ. "ಅಂಕಲ್, ಎಂಟಕ್ಕೆ ಸ್ಕೂಲ್ ವ್ಯಾನ್ ಬರ್ತದೆ" ಎಂದು ಹೊರಟುಹೋದರು. ಹಿಂದೆಯೇ ದಿನಾ ಬೆಂಚಿನ ಮೇಲೆ ಕೂರುವ ಅಜ್ಜಿ ಬಂದರು. ಟೀ ಶರ್ಟು ನೋಡಿದರು, ಹಗ್ಗ ನೋಡಿದರು. "ಕುಂದ್ರಾಕೂ ರೊಕ್ಕ ಕೊಡಬೇಕೇನಪ್ಪಾ?"

ಸೀಟಿ ಜೇಬಿಗೆ ಹಾಕಿಕೊಂಡೆ. ಪರ್ಮಿಶನ್ ಪತ್ರದ ಫೋಟೊ ಹಾಕಿ ಎಂದು ಅವತ್ತೇ ಗುಂಪಿನಲ್ಲಿ ಕೇಳಿದೆ. "ನೆಗೆಟಿವ್ ಮಾತು ಬೇಡ ಸಾರ್" ಎಂಬ ಉತ್ತರ ಬಂತು. ಸಂಜೆ ಹೊತ್ತಿಗೆ ನನ್ನನ್ನೇ ತೆಗೆದಿದ್ದರು.

ಸರಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಊರಿನ ಕಥೆಯೆಲ್ಲ ಬರೆಯಬೇಡಿ, "ಈ ಪಾರ್ಕನ್ನು ಯಾವುದಾದರೂ ಗುಂಪಿಗೆ ಕೊಟ್ಟ ಆದೇಶದ ಪ್ರತಿ" ಎಂದಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ನನಗೆ ಬಂದ ಉತ್ತರ ಒಂದೇ ಸಾಲು: ಅಂಥ ಆದೇಶ ಇಲ್ಲ. ಪಾರ್ಕು, ಆಟದ ಬಯಲು ಉಳಿಸಲೆಂದೇ ನಮ್ಮಲ್ಲಿ 1985ರ ಕಾಯ್ದೆ ಇದೆ ಎಂಬುದೂ ನನಗೆ ಆಮೇಲೆ ಗೊತ್ತಾಯಿತು.

ಗುಂಪು ಕಟ್ಟುವುದೇ ತಪ್ಪು ಅಂತಲ್ಲ. ಒಂದು ಪೈಸೆ ಕೇಳದೆ ಜೊತೆಗೆ ನಡೆಯುವ ಎಷ್ಟೋ ಜನ ಕೆರೆ ಹತ್ತಿರವೇ ಸಿಗುತ್ತಾರೆ. ಒಂದು ದಿನದ ಕಾರ್ಯಕ್ರಮಕ್ಕೆ ಅನುಮತಿ ಪಡೆದವರ ಕೈಯಲ್ಲಿ ದಿನಾಂಕ, ಸಮಯ ಬರೆದ ಕಾಗದ ಇರುತ್ತದೆ, ಕೇಳಿದರೆ ತೋರಿಸುತ್ತಾರೆ. ತೋರಿಸದವರಿಗೆ ದುಡ್ಡು ಯಾಕೆ ಕೊಡಬೇಕು, ಅಲ್ವಾ?

ನನ್ನ ದುಡ್ಡು ವಾಪಸ್ ಬಂದಿಲ್ಲ. ಹಗ್ಗವನ್ನೂ ಬಿಚ್ಚಿಲ್ಲ. ಅಜ್ಜಿ ಈಗ ಗೇಟಿನ ಹೊರಗಿನ ಕಟ್ಟೆ ಮೇಲೆ ಕೂರುತ್ತಾರೆ. ಆ ಉತ್ತರದ ಪ್ರತಿ ಇಟ್ಟು ದೂರು ಬರೆದಿದ್ದೇನೆ. ಇದೇ ಥರ ದುಡ್ಡು ಕೊಟ್ಟವರು ಇದ್ದರೆ ಫೋನ್‌ಪೇ ಸ್ಕ್ರೀನ್‌ಶಾಟ್ ಅಳಿಸಬೇಡಿ, ಬಂದು ಸಹಿ ಹಾಕಿ. ಬೆಳಗ್ಗೆ ಆರಕ್ಕೆ ಕೆರೆ ಏರಿ ಮೇಲೆ ಸಿಗುತ್ತೇನೆ.